ಅಜ್ಜ ಜರ್ಮನಿಯಿಂದ ತಂದ ಬಾಸ್

ಬಾಗಿಲು ಕಿರಿದು, ವಾದ್ಯ ಹಿರಿದು. ಮೊದಲು ತಲೆಯ ಸುರುಳಿ, ಆಮೇಲೆ ಹೆಗಲು, ಕೊನೆಗೆ ಓರೆ ಮಾಡಿ ಸೊಂಟ, ಹೀಗೆ ಒಂದೊಂದೇ ಭಾಗವನ್ನು ಒಳಗೆ ನುಗ್ಗಿಸಬೇಕು. ವಾದ್ಯದ ಒಡತಿ ದಂಡಿ ಹಿಡಿದಿದ್ದಾಳೆ, ನೀವು ಬುಡಕ್ಕೆ ಕೈಕೊಟ್ಟಿದ್ದೀರಿ. "ಕತ್ತು ಹಿಡಿದು ಎತ್ತಬೇಡಿ, ಹೊಟ್ಟೆ ತಬ್ಬಿಕೊಳ್ಳಿ!" ಎಂದು ಒಳಗಿನಿಂದ ವಾದ್ಯ ರಿಪೇರಿಯ ಮೇಸ್ತ್ರಿ ಕೂಗುತ್ತಾರೆ. ಅಷ್ಟರಲ್ಲಿ ದಂಡಿ ಕಟಕ್ಕೆಂದು ಹಿಂದಕ್ಕೆ ವಾಲಿಯಾಗಿದೆ. ಹೊಸದಾಗಿ ಮುರಿದದ್ದೇನಲ್ಲ, ಎಂದೋ ಮುರಿದದ್ದು ಈಗ ಬಾಯಿಬಿಟ್ಟಿದೆ ಅಷ್ಟೆ.

ಷಿಕಾಗೋದಿಂದ ಪಶ್ಚಿಮಕ್ಕೆ ಗಂಟೆ ದಾರಿಯ ಊರು. ಫೆಬ್ರವರಿ. ಹೊರಗೆ ಹಿಮ ಕರಗಿ ಕೆಸರಾಗಿದೆ, ಒಳಗೆ ಹೀಟರಿನ ಒಣ ಶಾಖ. ಗೋಡೆಯ ತೇವಮಾಪಕದ ಮುಳ್ಳು ನಲವತ್ತರ ಆಸುಪಾಸಿನಿಂದ ಕದಲದಂತೆ ಮೂಲೆಯಲ್ಲೊಂದು ಯಂತ್ರ ಹಗಲೂ ರಾತ್ರಿ ಗಾಳಿಗೆ ಹಬೆ ಬಿಡುತ್ತಿದೆ. ಬಿಸಿ ಸರೇಸಿನ ವಾಸನೆ ಮೊದಲು ಮೂಗಿಗೆ ಬಡಿಯುತ್ತದೆ, ಆಮೇಲೆ ಮರದ ಹೊಟ್ಟಿನದು. ನೆಲದ ಮೇಲೆ ಹಳೆಯ ಕಂಬಳಿ ಹಾಸಿದೆ. ಅದರ ಮೇಲೆ ಬಾಸನ್ನು ಅಂಗಾತ ಮಲಗಿಸುತ್ತೀರಿ.

ಡಬಲ್ ಬಾಸ್ ಅನ್ನಿ, ಅಪ್‌ರೈಟ್ ಬಾಸ್ ಅನ್ನಿ, ಪಿಟೀಲಿನ ಮನೆತನದಲ್ಲಿ ಎಲ್ಲರಿಗಿಂತ ದೊಡ್ಡದು ಇದೇ. ನಿಲ್ಲಿಸಿದರೆ ಆರು ಅಡಿ, ತೂಕ ಹತ್ತು ಕಿಲೋ ಆಸುಪಾಸು. ನಾಲ್ಕು ತಂತಿ. ಅತ್ಯಂತ ಕೆಳಗಿನ 'ಇ' ತಂತಿ ಸೆಕೆಂಡಿಗೆ 41 ಸಲ ಮಾತ್ರ ಕಂಪಿಸುತ್ತದೆ. ಕಿವಿಗೆ ಕೇಳುವುದಕ್ಕಿಂತ ಪಾದಕ್ಕೆ ತಾಗುವುದೇ ಹೆಚ್ಚು. ಆದರೆ ನಿಮ್ಮ ಎದುರಿಗಿರುವುದು ಸದ್ಯಕ್ಕೆ ಮೂಕ. ತಂತಿಗಳು ಜೋತುಬಿದ್ದಿವೆ, ತಂತಿಗಳನ್ನು ಹೊರುವ ಕುದುರೆ, ಬಟ್ಟೆಯ ಚೀಲದಲ್ಲಿ ಬೇರೆಯೇ ಬಂದಿದೆ.

"ನಮ್ಮಜ್ಜ ಯುದ್ಧ ಮುಗಿಸಿ ಜರ್ಮನಿಯಿಂದ ತಂದದ್ದು," ಎನ್ನುತ್ತಾಳೆ ಆಕೆ. "ಶನಿವಾರ ಶನಿವಾರ ಪೋಲ್ಕಾ ಕುಣಿತದ ಬ್ಯಾಂಡಿನಲ್ಲಿ ನುಡಿಸುತ್ತಿದ್ದರು. ಇನ್ನೂರು ವರ್ಷ ಹಳೆಯದಂತೆ. ಚಿಕ್ಕಪ್ಪ ಹಾಗೇ ಹೇಳ್ತಾರೆ."

ಮೇಸ್ತ್ರಿ ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದೂ ಇಲ್ಲ. ಮಂಡಿಯೂರಿ ಕೂತು, ಎದೆಯ ಮೇಲಿನ ಎಫ್ ಆಕಾರದ ರಂಧ್ರದ ಅಂಚಿಗೆ ಟಾರ್ಚ್ ಹಿಡಿಯುತ್ತಾರೆ. ಒಳಗೆ ತಯಾರಕರ ಚೀಟಿ ಇದೆಯೇ ಎಂದು ಇಣುಕುವುದಿಲ್ಲ. ರಂಧ್ರ ಕೊಯ್ದಲ್ಲಿ ಕಾಣುವ ಮರದ ದಪ್ಪವನ್ನು ನೋಡುತ್ತಾರೆ, ನಿಮ್ಮನ್ನೂ ಬಗ್ಗಿ ನೋಡಲು ಕರೆಯುತ್ತಾರೆ. ಬೆರಳುಗುರಿನಷ್ಟು ಜಾಗ. ಎಪ್ಪತ್ತು ವರ್ಷದ ಬೆವರು, ಧೂಳು, ಸಿಗರೇಟಿನ ಹೊಗೆ ಸೇರಿ ಅಂಚು ಕಪ್ಪಾಗಿದೆ. ಬಟ್ಟೆ ಒದ್ದೆ ಮಾಡಿ ಒರೆಸಿದರೆ ಕೆಳಗೆ ಗೆರೆ ಕಾಣುತ್ತದೆ: ಒಂದು ಪದರ, ಅದಕ್ಕೆ ಅಡ್ಡಲಾಗಿ ಇನ್ನೊಂದು, ಮತ್ತೆ ಮೊದಲಿನ ದಿಕ್ಕಿಗೇ ಮತ್ತೊಂದು. ಇಡೀ ಮರವನ್ನು ಕೆತ್ತಿದ್ದರೆ ಎಳೆಗಳು ಅಂಚಿನಲ್ಲಿ ಒಂದೇ ದಿಕ್ಕಿಗೆ ಓಡುತ್ತವೆ. ಇದು ಪ್ಲೈವುಡ್.

ಇನ್ನೂರು ವರ್ಷ ಅಲ್ಲಿಗೆ ಮುಗಿಯಿತು. ತೆಳು ಹಾಳೆಗಳಿಗೆ ಅಂಟು ಸವರಿ, ಬಿಸಿ ಅಚ್ಚಿನಲ್ಲಿ ಒತ್ತಿ ಉಬ್ಬು ತರಿಸುವ ಈ ವಿದ್ಯೆ ಇಪ್ಪತ್ತನೆಯ ಶತಮಾನದ ಕಾರ್ಖಾನೆಯದು. ಹಾಗೆಂದು ಕೀಳು ಎಂದುಕೊಳ್ಳಬೇಡಿ. ಇಡೀ ಸ್ಪ್ರೂಸ್ ಹಲಗೆಯಿಂದ ಕೆತ್ತಿದ ಬಾಸ್ ಇಲಿನಾಯಿಯ ಚಳಿಗಾಲದಲ್ಲಿ, ಹೀಟರ್ ಹಾಕಿದ ಶಾಲೆಯ ಕೋಣೆಯಲ್ಲಿ, ಉದ್ದಕ್ಕೂ ಬಿರಿದುಕೊಂಡೀತು. ಅಡ್ಡ ಪದರವಿರುವ ಪ್ಲೈವುಡ್ ಹಾಗೆ ಸೀಳುವುದಿಲ್ಲ. ಮಕ್ಕಳು ಬೀಳಿಸಿದರೂ, ಬಸ್ಸಿನ ಹಿಂದೆ ತುರುಕಿದರೂ, ನೃತ್ಯದ ಹಾಲಿನಲ್ಲಿ ಬಿಯರ್ ಚೆಲ್ಲಿದರೂ ತಡೆದುಕೊಂಡಿತು. ಅಮೆರಿಕದ ಶಾಲೆಗಳಿಗೂ ಹಳ್ಳಿಗಾಡಿನ ಬ್ಯಾಂಡುಗಳಿಗೂ ಬಾಸ್ ಕೈಗೆಟುಕಿದ್ದು ಪ್ಲೈವುಡ್‌ನಿಂದಲೇ.

"ಜರ್ಮನ್ನರೂ ಪ್ಲೈವುಡ್ ಬಾಸ್ ಮಾಡಿದ್ದಾರೆ," ಎನ್ನುತ್ತಾರೆ ಮೇಸ್ತ್ರಿ, ಆಕೆಯ ಮುಖ ನೋಡಿ. "ಇನ್ನೂ ತೀರ್ಮಾನ ಮಾಡೋದು ಬೇಡ."

ಆದರೆ ಅವರ ಕಣ್ಣು ಆಗಲೇ ತಲೆಯ ಕಡೆ ಹೋಗಿದೆ. ಬಿರಡೆಗಳು ಎರಡೆರಡಾಗಿ ಉದ್ದನೆಯ ಹಿತ್ತಾಳೆ ಪಟ್ಟಿಗೆ ಕೂತಿವೆ. ಜರ್ಮನ್ ಬಾಸಾದರೆ ಒಂದೊಂದು ಬಿರಡೆಗೂ ಬೇರೆ ಬೇರೆ ತಟ್ಟೆ ಇರುವುದು ವಾಡಿಕೆ. ಸುರುಳಿಯ ತಿರುವುಗಳ ಮೇಲೆ ಉಳಿಯ ಗುರುತೇ ಇಲ್ಲ, ಯಂತ್ರ ಕೆತ್ತಿ ಉಪ್ಪುಕಾಗದ ಉಜ್ಜಿದ ನುಣುಪು. ಹಾಗಾದರೆ ಅಮೆರಿಕದ್ದು. ಯಾರದು? ಯುದ್ಧದ ಆಸುಪಾಸಿನ ಕಾಲದಲ್ಲಿ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ಲೈವುಡ್ ಬಾಸ್ ಮಾಡಿದವರು ಕೆಲವರೇ: ಷಿಕಾಗೋದ ಕೇ, ಕ್ಲೀವ್‌ಲ್ಯಾಂಡಿನ ಎಚ್. ಎನ್. ವೈಟ್ ಕಂಪನಿಯ ಕಿಂಗ್, ನ್ಯೂಯಾರ್ಕಿನ ಎಪಿಫೋನ್.

ಎಪಿಫೋನಿನದೊಂದು ಕಥೆ ಇದೆ, ಮೇಸ್ತ್ರಿ ಹೇಳದೆ ಬಿಡುವುದಿಲ್ಲ. 1957ರಲ್ಲಿ ಗಿಬ್ಸನ್ ಕಂಪನಿ ಎಪಿಫೋನನ್ನು 20,000 ಡಾಲರಿಗೆ ಕೊಂಡಿತು. ಗಿಬ್ಸನ್ ಅಧ್ಯಕ್ಷ ಟೆಡ್ ಮೆಕಾರ್ಟಿ ಹೇಳಿಕೊಂಡ ಪ್ರಕಾರ, ಅವರಿಗೆ ಬೇಕಿದ್ದದ್ದು ಬಾಸ್ ತಯಾರಿಕೆ ಮಾತ್ರ. ಲಾರಿಯಲ್ಲಿ ಬಂದ ಸರಕು ಬಿಚ್ಚಿದರೆ ಗಿಟಾರಿನ ಸಾಮಾನೂ ಹೆಸರೂ ಎಲ್ಲ ಜೊತೆಗೇ ಬಂದಿತ್ತು. ಇಂದು ಎಪಿಫೋನ್ ಅಂದರೆ ಜಗತ್ತಿಗೆ ಗಿಟಾರ್. ಬಾಸು ಯಾರಿಗೂ ನೆನಪಿಲ್ಲ.

ಈಗ ಟಾರ್ಚ್ ಒಳಗೆ ಹೋಗುತ್ತದೆ. ದಂತವೈದ್ಯರ ಕನ್ನಡಿಯಂಥದ್ದೇ, ಆದರೆ ಉದ್ದ ಹಿಡಿಕೆಯ ಕನ್ನಡಿಯೂ ಹೋಗುತ್ತದೆ. ಚೀಟಿ ಇಲ್ಲ. ಬೆನ್ನಿನ ಒಳಮೈಯಲ್ಲಿ ಅಂಚೆಕಾರ್ಡಿಗಿಂತ ಚಿಕ್ಕದಾದ ಒಂದು ತೆಳು ಬಣ್ಣದ ಚೌಕ ಮಾತ್ರ. ಅಲ್ಲೊಂದು ಕಾಗದ ಇತ್ತು, ಉದುರಿಹೋಗಿದೆ. ಆಕೆಗೆ ನಿರಾಶೆ. ಮೇಸ್ತ್ರಿಗೆ ಅದರಿಂದ ಏನೂ ಕಡಿಮೆಯಾಗಿಲ್ಲ.

ಚೀಟಿಯ ಬಗ್ಗೆ ನನಗೂ ಅವರದೇ ಅಭಿಪ್ರಾಯ. ಪಿಟೀಲಿನ ಲೋಕದಲ್ಲಿ ಅತಿ ಸುಲಭವಾಗಿ ನಕಲು ಮಾಡಬಹುದಾದ ವಸ್ತು ಎಂದರೆ ಚೀಟಿ. ಜರ್ಮನಿ, ಬೊಹೀಮಿಯಾದ ಕಾರ್ಖಾನೆಗಳು ಸ್ಟ್ರಾಡಿವೇರಿಯಸ್ ಹೆಸರಿನ ಚೀಟಿಗಳನ್ನು ರಾಶಿಗಟ್ಟಲೆ ಅಚ್ಚುಹಾಕಿ ಅಂಟಿಸಿದವು. ಅದರಲ್ಲಿ ಮೋಸದ ಉದ್ದೇಶವೂ ಹೆಚ್ಚು ಇರಲಿಲ್ಲ, ಯಾವ ಮಾದರಿ ಎಂದು ಹೇಳುವುದಷ್ಟೇ. ಚೀಟಿಯಲ್ಲಿ ದೇಶದ ಹೆಸರು ಇಂಗ್ಲಿಷಿನಲ್ಲಿ ಇದ್ದರೆ ಅಮೆರಿಕದ 1890ರ ಸುಂಕ ಕಾಯ್ದೆಯ ನಂತರದ್ದು ಎಂದು ಊಹಿಸಬಹುದು, ಏಕೆಂದರೆ ಆಮದು ಸರಕಿಗೆ ತಯಾರಾದ ದೇಶದ ಹೆಸರನ್ನು ಕಡ್ಡಾಯ ಮಾಡಿದ್ದು ಅದೇ ಕಾಯ್ದೆ. ಚೀಟಿ ಅಷ್ಟರ ಮಟ್ಟಿಗೆ ಉಪಯೋಗಿ. ದೊಡ್ಡವರೂ ಎಡವಿದ್ದಾರೆ. ಬಾಸ್ ಲೋಕದ ಅತಿ ಪ್ರಸಿದ್ಧ ವಾದ್ಯ, ಬಾಸ್ ವಾದಕ ಕೂಸೆವಿಟ್ಸ್‌ಕಿ ನುಡಿಸಿ ಆಮೇಲೆ ಇನ್ನೊಬ್ಬ ವಾದಕ ಗ್ಯಾರಿ ಕಾರ್ ಕೈಗೆ ಬಂದದ್ದು, 1611ರಲ್ಲಿ ಇಟಲಿಯ ಅಮಾಟಿ ಸೋದರರು ಮಾಡಿದ್ದೆಂದು ದಶಕಗಳ ಕಾಲ ಹೆಸರಾಗಿತ್ತು. ಎದೆಹಲಗೆಯ ಮರದ ಉಂಗುರಗಳನ್ನು ಎಣಿಸಿ ನೋಡಿದರೆ, 1611ರಲ್ಲಿ ಆ ಮರವಿನ್ನೂ ಕಾಡಿನಲ್ಲಿ ನಿಂತಿತ್ತು. ಹದಿನೆಂಟನೆಯ ಶತಮಾನದ ಉಂಗುರಗಳೂ ಅದರಲ್ಲಿದ್ದವು. ವಾದ್ಯದ ನಾದವೇನೂ ಅದರಿಂದ ಕೆಡಲಿಲ್ಲ.

ಪ್ಲೈವುಡ್‌ನಲ್ಲಿ ಉಂಗುರ ಎಣಿಸಲು ಬರುವುದಿಲ್ಲ. ಬೇರೆ ದಾರಿ ಇದೆ. ಮೇಸ್ತ್ರಿ ಟಾರ್ಚನ್ನು ಬೆನ್ನಿಗೆ ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಬಿಡುತ್ತಾರೆ. ಧೂಳಿನ ಕೆಳಗೆ ಸಣ್ಣ ತಗ್ಗುಗಳ ನೆರಳು ಏಳುತ್ತದೆ. "ಓದಿ," ಎನ್ನುತ್ತಾರೆ ನಿಮಗೆ. ಮರಕ್ಕೆ ಒತ್ತಿದ ಅಂಕಿಗಳು. ಮೊದಲು ಮೂರು ಕಾಣುತ್ತವೆ, ಬ್ರಷ್ಷಿನಿಂದ ಧೂಳು ತೆಗೆದರೆ ಐದೂ. ಕೇ ಬಾಸುಗಳಿಗೆ ಹೀಗೇ ಒಳಗೆ ನಂಬರ್ ಹೊಡೆಯುತ್ತಿದ್ದರು. ಅವರು ಬಾಸ್ ಮಾಡತೊಡಗಿದ್ದು 1937ರಲ್ಲಿ. ನಂಬರಿನಿಂದ ಇಸವಿ ಹೇಳುವ ಪಟ್ಟಿಯೊಂದು ರಿಪೇರಿಯವರ ನಡುವೆ ಓಡಾಡುತ್ತದೆ. ಅದು ಅಂದಾಜಿನದು, ಪಂಚಾಂಗದಂತೆ ನಂಬುವಂಥದ್ದಲ್ಲ. ಮೇಸ್ತ್ರಿ ಪಟ್ಟಿ ನೋಡಿ "ಐವತ್ತರ ದಶಕ" ಎನ್ನುತ್ತಾರೆ, ಇಸವಿ ಹೇಳುವುದಿಲ್ಲ.

"ಅಂದರೆ ಅಜ್ಜ ಸುಳ್ಳು ಹೇಳಿದರೇ?"

"ಅಜ್ಜ ಜರ್ಮನಿಯಿಂದ ಒಂದು ಬಾಸ್ ತಂದೇ ಇರಬಹುದು. ಅದು ಇದಲ್ಲ." ಕೆಳಗಿನ ಪಕ್ಕೆಹಲಗೆಯನ್ನು ತೋರಿಸುತ್ತಾರೆ. ಕಪ್ಪು ಬಣ್ಣದ ಕೆಳಗಿನಿಂದ ಹಳದಿ ಅಕ್ಷರಗಳು ಇಣುಕುತ್ತಿವೆ: ಎಚ್. ಎಸ್., ಪಕ್ಕದಲ್ಲಿ 3. ಯಾವುದೋ ಹೈಸ್ಕೂಲಿನ ಮೂರನೆಯ ಬಾಸ್. ಶಾಲೆ ಹರಾಜು ಹಾಕಿತು, ಅಜ್ಜ ಹಿಡಿದರು, ಹಳದಿ ಅಕ್ಷರದ ಮೇಲೆ ಕಪ್ಪು ಬಳಿದರು ಎಂದು ಊಹಿಸುವುದು ಕಷ್ಟವಲ್ಲ.

ಆಕೆಯ ಮುಖ ಇಳಿದದ್ದನ್ನು ನೋಡಿ ಮೇಸ್ತ್ರಿ ಇನ್ನೊಂದು ಮಾತು ಹೇಳುತ್ತಾರೆ. ಎಲ್ವಿಸ್ ಪ್ರೆಸ್ಲಿಯ ಹಿಂದೆ ನಿಂತು ಬಿಲ್ ಬ್ಲ್ಯಾಕ್ ಬಡಿದು ನುಡಿಸುತ್ತಿದ್ದನಲ್ಲ, ಆ ಬಾಸೂ ಕೇ, ಅದೂ ಪ್ಲೈವುಡ್. ಈಗ ಅದು ಪಾಲ್ ಮೆಕಾರ್ಟ್ನಿ ಬಳಿ ಇದೆ. ಅಗ್ಗದ ಕಾರ್ಖಾನೆ ವಾದ್ಯ ಇವತ್ತು ಕೆಲವು ಸಾವಿರ ಡಾಲರ್ ಬಾಳುತ್ತದೆ, ರಿಪೇರಿ ಖರ್ಚು ಅದನ್ನು ನುಂಗಿಹಾಕದಿದ್ದರೆ. ನುಂಗಬಹುದು ಎಂದು ಅವರೇ ಎಚ್ಚರಿಸುತ್ತಾರೆ. ಆಕೆ ಒಂದು ನಿಮಿಷ ಯೋಚಿಸಿ, "ಮಾಡಿ," ಎನ್ನುತ್ತಾಳೆ.

ಗುರುತು ಹಿಡಿದಾಯಿತು, ಇನ್ನು ರಿಪೇರಿ ಎಂದು ನೀವು ಅಂದುಕೊಂಡಿರಿ. ಆದರೆ ಮೇಸ್ತ್ರಿಯ ಚೀಟಿಪುಸ್ತಕದಲ್ಲಿ 'ತಯಾರಕ' ಎಂಬ ಜಾಗ ಇನ್ನೂ ಖಾಲಿಯಿದೆ. ನಂಬರ್ ಒಂದು ಸಾಕ್ಷಿ, ಬಿರಡೆ ಒಂದು ಸಾಕ್ಷಿ. ಬಿಚ್ಚಿ ನೋಡದೆ ಅವರು ಬರೆಯುವುದಿಲ್ಲ. ಬೆನ್ನು ಒಂದು ವಾದ್ಯದ್ದು, ದಂಡಿ ಇನ್ನೊಂದರದ್ದು ಆದ ಬಾಸುಗಳನ್ನು ಅವರು ಬೇಕಾದಷ್ಟು ಕಂಡಿದ್ದಾರೆ.

ಬೆರಳ ಗೆಣ್ಣಿನಿಂದ ಎದೆಹಲಗೆಯನ್ನು ತಟ್ಟುತ್ತಾ ಹೋಗುತ್ತಾರೆ. ಟಕ್, ಟಕ್, ಟಕ್. ಎಡಗಡೆ ಒಂದು ಕಡೆ ಸದ್ದು ಸಡಿಲವಾಗಿ, ಝರ್ರೆಂದು ಹೊರಡುತ್ತದೆ. ಒಳಗೆ ಎದೆಹಲಗೆಯ ಉದ್ದಕ್ಕೂ ಅಂಟಿಸಿದ ಬಾಸ್ ಬಾರ್ ಎಂಬ ತೊಲೆ ಅಲ್ಲಿ ಬಿಟ್ಟಿದೆ. ದಪ್ಪ ತಂತಿಗಳ ಭಾರ ಕುದುರೆಯ ಎಡಗಾಲಿನಿಂದ ಇಳಿಯುವುದು ಅದರ ಮೇಲೇ. ಅದನ್ನು ಸರಿಮಾಡಲು ಹಲಗೆಯನ್ನು ಬಿಚ್ಚದೆ ಬೇರೆ ದಾರಿಯಿಲ್ಲ.

ಇಲ್ಲಿಂದ ಮುಂದೆ ಸದ್ದು ಮಾಡಬೇಡಿ, ಕೇಳಿಸಿಕೊಳ್ಳಿ. ಪಕ್ಕೆಹಲಗೆಗೂ ಎದೆಹಲಗೆಗೂ ನಡುವಿನ ಸಂದಿಗೆ ತೆಳುವಾದ, ಮೊಂಡು ಅಲಗಿನ ಚಾಕು ಇಳಿಯುತ್ತದೆ. ಅಲಗನ್ನು ಬಿಸಿ ನೀರಿಗೆ ಅದ್ದಿ, ಒರೆಸಿ, ಮತ್ತೆ ಇಳಿಸುತ್ತಾರೆ. ಒತ್ತುವುದಿಲ್ಲ, ಮಣಿಕಟ್ಟನ್ನು ಸ್ವಲ್ಪ ತಿರುಗಿಸುತ್ತಾರೆ ಅಷ್ಟೆ. ಚಿಟ್. ಎರಡು ಇಂಚು ಬಿಟ್ಟಿತು. ಮತ್ತೆ ಚಿಟ್. ಒಣಗಿದ ಸರೇಸು ಗಾಜಿನಂತೆ ಒಡೆಯುವ ಸದ್ದು ಅದು. ಮರದ ಎಳೆ ಕೀಳದೆ ಅಂಟು ಮಾತ್ರ ಬಿಡುತ್ತದೆ. ಚರ್ಮದಿಂದ ಮಾಡುವ ಸರೇಸಿನ ಗುಣವೇ ಅದು: ವಾದ್ಯಕ್ಕೆ ತಡೆಯಲಾರದ ಒತ್ತಡ ಬಂದರೆ ಮೊದಲು ಬೆಸುಗೆ ಬಿಟ್ಟುಕೊಡಬೇಕು, ಹಲಗೆ ಉಳಿಯಬೇಕು. ಬಿಟ್ಟ ಬೆಸುಗೆಯನ್ನು ಯಾರಾದರೂ ಮತ್ತೆ ಅಂಟಿಸಬಹುದು.

ಅರ್ಧ ಸುತ್ತು ಸಲೀಸಾಗಿ ಬಂದ ಚಾಕು ಕೆಳಗಿನ ಬಲ ಮೂಲೆಯಲ್ಲಿ ನಿಲ್ಲುತ್ತದೆ. ಮೇಸ್ತ್ರಿ ತುಟಿ ಕಚ್ಚುತ್ತಾರೆ. ಸಂದಿಯಿಂದ ರಬ್ಬರಿನಂತೆ ಒಂದು ಬಿಳಿ ಎಳೆ ಹೊರಬಂದಿದೆ. ಹಿಂದೆ ರಿಪೇರಿ ಮಾಡಿದವನು ಅಂಗಡಿಯಲ್ಲಿ ಸಿಗುವ ಬಿಳಿ ಅಂಟು ಹಾಕಿದ್ದಾನೆ. ಅದು ಬಿಡುವುದಿಲ್ಲ, ಬಿಟ್ಟರೆ ಮರದ ಪದರವನ್ನೂ ಕಿತ್ತುಕೊಂಡು ಬರುತ್ತದೆ. ಅದರ ಮೇಲೆ ಹೊಸ ಸರೇಸೂ ಹಿಡಿಯುವುದಿಲ್ಲ. ಆ ಒಂದು ಅಡಿ ಸಂದಿಗೆ ಮಧ್ಯಾಹ್ನವೆಲ್ಲ ಹೋಗುತ್ತದೆ: ಬಿಸಿ ಮಾಡು, ಕಾಯಿ, ಒಂದು ಕೂದಲಷ್ಟು ಮುಂದೆ ಹೋಗು, ಮತ್ತೆ ಬಿಸಿ ಮಾಡು. ಈ ಕಸುಬಿನಲ್ಲಿ ಅರ್ಧ ದುಡ್ಡು ವಾದ್ಯ ಕೆಟ್ಟದ್ದಕ್ಕಲ್ಲ, ಹಿಂದಿನವರು ರಿಪೇರಿ ಮಾಡಿದ್ದಕ್ಕೆ ಕೊಡುವುದು.

ಹಲಗೆ ಎದ್ದಿತು. ಅದನ್ನು ಇಬ್ಬರೂ ಹಿಡಿದು ಪಕ್ಕದ ಮೇಜಿಗೆ ಸಾಗಿಸುತ್ತೀರಿ. ಒಳಗೆ ಬೂದುಬಣ್ಣದ ಧೂಳಿನುಂಡೆ, ಒಂದು ಗಿಟಾರಿನ ಪಿಕ್, ಮುರಿದ ಪೆನ್ಸಿಲ್, ಹೇರ್‌ಪಿನ್. ಶಾಲೆಯ ಮಕ್ಕಳಿಗೆ ಎಫ್ ರಂಧ್ರ ಕಂಡರೆ ಏನಾದರೂ ಹಾಕಬೇಕು ಅನಿಸುತ್ತದೆ. ಎದೆಹಲಗೆಯ ಒಳಮೈಯಲ್ಲಿ, ತೊಲೆಯ ಪಕ್ಕ, ಪೆನ್ಸಿಲಿನ ಬರಹ: ಎರಡು ಅಕ್ಷರದ ಸಹಿ, ಕೆಳಗೆ ಇಸವಿ. ಕೊನೆಯ ಅಂಕಿ ಉಜ್ಜಿಹೋಗಿ 196 ಅಷ್ಟೇ ಉಳಿದಿದೆ. ಬಿಳಿ ಅಂಟಿನವನು ಇವನೇ ಇರಬೇಕು. ಅವನು ಬೈಗುಳಕ್ಕೂ ಅರ್ಹ, ಥ್ಯಾಂಕ್ಸಿಗೂ ಅರ್ಹ. ವಾದ್ಯ ಅರವತ್ತರ ದಶಕದಲ್ಲಾಗಲೇ ಒಮ್ಮೆ ಬಿಚ್ಚುವಷ್ಟು ಹಳೆಯದಾಗಿತ್ತು ಎನ್ನುವುದು ಅವನ ಸಹಿಯಿಂದ ಗೊತ್ತಾಯಿತು. ಕೇ ಕಂಪನಿ ಆ ದಶಕದ ಕೊನೆಗೆ ಬಾಗಿಲು ಹಾಕಿತು. ಬಾಸಿನ ಕೆಲಸವನ್ನು ಎಂಗಲ್‌ಹಾರ್ಟ್ ಎಂಬುವರು ಕೊಂಡು ಇಲಿನಾಯಿಯಲ್ಲೇ ಮುಂದುವರಿಸಿದರು. ಆ ವಾದ್ಯಗಳನ್ನು ಕೇ ಎಂದು ಮಾರುವವರು ಈಗಲೂ ಇದ್ದಾರೆ. 196 ಎನ್ನುವ ಮೂರು ಅಂಕಿ ಆ ಅನುಮಾನವನ್ನು ಬಹುಮಟ್ಟಿಗೆ ತೀರಿಸಿತು.

ಮರುದಿನ ದಂಡಿಯ ಸರದಿ. ಬುಡ ಮುರಿದಿರುವುದನ್ನು ಯಾರೋ ಉದ್ದನೆಯ ಬೋಲ್ಟ್ ಹೊಡೆದು ಬಿಗಿದಿದ್ದಾರೆ. ಬಾಸ್ ಬಿದ್ದಾಗ ಮೊದಲು ಮುರಿಯುವ ಜಾಗ ಅದೇ, ಅದರಲ್ಲೂ ಕೇ ಬಾಸುಗಳಲ್ಲಿ. ಬೋಲ್ಟಿನ ತಲೆಗೆ ಬೆಸುಗೆ ಕಡ್ಡಿ ತಾಗಿಸಿ ಕಾಯಿಸುತ್ತಾರೆ. ಸುತ್ತಲಿನ ಅಂಟು ಮೆತ್ತಗಾಗಿ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದ ಮೇಲೆ ಅದು ತಿರುಗಿ ಹೊರಬರುತ್ತದೆ. ಈಗ ಒಲೆಯ ಮೇಲಿರುವುದನ್ನು ನೋಡಿದರೆ ನಿಮಗೆ ನಗು ಬರುತ್ತದೆ: ಪ್ರೆಶರ್ ಕುಕ್ಕರ್. ಸೀಟಿ ಕೂರುವ ಜಾಗಕ್ಕೆ ರಬ್ಬರ್ ಕೊಳವೆ, ಕೊಳವೆಯ ತುದಿಗೆ ಸೂಜಿ. ಬೆರಳುಹಲಗೆ ತೆಗೆದು, ದಂಡಿ ದೇಹಕ್ಕೆ ಸೇರುವಲ್ಲಿ ಸಣ್ಣ ತೂತು ಕೊರೆದು, ಸೂಜಿಯಿಂದ ಹಬೆ ಬಿಡುತ್ತಾರೆ. ನೀವು ದಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೀರಿ. ಮೊದಲು ಏನೂ ಆಗುವುದಿಲ್ಲ. ಸಂದಿಯಿಂದ ಕಂದು ನೀರು ಒಸರುತ್ತದೆ, ಕುದಿಯುವ ಚರ್ಮದ ವಾಸನೆ ಏಳುತ್ತದೆ. ಆಮೇಲೆ, ಅಂಗೈಗೆ ಮಾತ್ರ ತಿಳಿಯುವಂತೆ, ಮರ ಜಾರಿತು. "ಈಗ ಮೇಲಕ್ಕೆ, ನೇರ!" ಎನ್ನುತ್ತಾರೆ. ದಂಡಿ ಎದ್ದು ಬಂತು.

ತುದಿ ಪಾರಿವಾಳದ ಬಾಲದಂತೆ, ಒಳಗೆ ಅಗಲ ಹೊರಗೆ ಕಿರಿದಾಗಿ ಕೊರೆದಿದೆ. ಗಿಟಾರ್ ಕಾರ್ಖಾನೆಯವರ ಜೋಡಣೆ ಅದು, ಪಿಟೀಲು ಮಾಡುವವರದಲ್ಲ. ಯುರೋಪಿನ ಕೈಕೆಲಸದ ಬಾಸಿನಲ್ಲಿ ದಂಡಿ ಸರಳವಾದ ಗುಳಿಯಲ್ಲಿ ಕೂರುತ್ತದೆ. ಗಿಟಾರುಗಳನ್ನು ಸಾಲುಸಾಲಾಗಿ ಮಾಡುತ್ತಿದ್ದ ಕೇ ಕಂಪನಿ ತನಗೆ ಗೊತ್ತಿದ್ದ ಜೋಡಣೆಯನ್ನೇ ದೊಡ್ಡದು ಮಾಡಿ ಬಾಸಿಗೂ ಹಾಕಿತು. ಗುಳಿಯ ಅಳತೆಗೆ ಬಾಲದ ಅಳತೆ ಕೂದಲು ಸೇರದಂತೆ ಹೊಂದುತ್ತದೆ, ಎಂದರೆ ದಂಡಿ ಇದೇ ದೇಹದ್ದು. ಮೇಸ್ತ್ರಿ ಕೈ ಒರೆಸಿಕೊಂಡು ಹೋಗಿ, ಚೀಟಿಪುಸ್ತಕದ ಖಾಲಿ ಜಾಗದಲ್ಲಿ ಬರೆಯುತ್ತಾರೆ: ಕೇ, ಷಿಕಾಗೋ.

ಸರೇಸಿನ ಹರಳುಗಳು ರಾತ್ರಿಯಿಂದ ತಣ್ಣೀರಿನಲ್ಲಿ ನೆನೆದು ಉಬ್ಬಿವೆ. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 60 ಡಿಗ್ರಿಯ ಹತ್ತಿರ ಕಾಯಿಸುತ್ತಾರೆ. ಕುದಿಸಿದರೆ ಬಲ ಹೋಯಿತು. ತೆಗೆದ ಮೇಲೆ ಹೆಚ್ಚು ಹೊತ್ತಿಲ್ಲ, ತಣ್ಣಗಾದರೆ ಮಾಂಸದ ಜೆಲ್ಲಿಯಂತೆ ಗಟ್ಟಿಯಾಗುತ್ತದೆ. ಅದಕ್ಕೇ ಮರವನ್ನೂ ಬಿಸಿ ಮಾಡಿಟ್ಟುಕೊಂಡು, ಕ್ಲಾಂಪುಗಳನ್ನು ಅಳತೆಗೆ ತಿರುಗಿಸಿ ಸಾಲಾಗಿ ಇಟ್ಟುಕೊಂಡು, ಒಮ್ಮೆ ಅಂಟಿಲ್ಲದೆ ಪೂರ್ತಿ ಅಭ್ಯಾಸ ಮಾಡುತ್ತಾರೆ. ನಿಮ್ಮ ಕೆಲಸ ಕ್ಲಾಂಪ್ ಕೊಡುವುದು. ಬಾಸ್ ಬಾರ್ ಕೂತಿತು, ದಂಡಿಯ ಬುಡದ ಬಿರುಕಿಗೆ ಮೇಪಲ್ ಗೂಟ ಸೇರಿತು.

ಇದರ ನಡುವೆ ಬೆರಳುಹಲಗೆಯ ಪ್ರಶ್ನೆ. ಸ್ಟೀಲ್ ತಂತಿ ಉಜ್ಜಿ ಉಜ್ಜಿ ಹಳೆಯದರಲ್ಲಿ ಗಾಲಿಯ ಜಾಡು ಬಿದ್ದಿದೆ. ಕೀಸುಳಿ ಹಾಕಿ ಸಮ ಮಾಡೋಣವೆಂದರೆ ದಪ್ಪವೇ ಉಳಿದಿಲ್ಲ. ಬಹಳ ಮಂದಿ ಇಂಥ ಕಡೆ ಎಬನಿ ಹಾಕುತ್ತಾರೆ. ಹಳೆಯದು ರೋಸ್‌ವುಡ್ ಆದ್ದರಿಂದ ಹೊಸದೂ ಅದೇ ಆಗಲಿ ಎಂದು ಮೇಸ್ತ್ರಿ ಅಟ್ಟದಿಂದ ಒಂದು ಹಲಗೆ ಇಳಿಸುತ್ತಾರೆ. ತುದಿಯಲ್ಲಿ ಸೀಮೆಸುಣ್ಣದಲ್ಲಿ 'ಈಸ್ಟ್ ಇಂಡಿಯನ್' ಎಂದು ಬರೆದಿದೆ. ಕೀಸುಳಿ ಮೊದಲ ಸಲ ಹರಿದಾಗ ನೇರಳೆ ಮಿಶ್ರಿತ ಕಂದು ಸುರುಳಿ ಏಳುತ್ತದೆ, ಸಿಹಿಯಾದ, ಸ್ವಲ್ಪ ಖಾರವಾದ ವಾಸನೆ. ಮಲೆನಾಡಿನಲ್ಲೋ ಕೊಡಗಿನಲ್ಲೋ ಹಳೆಯ ಮನೆಯ ಮಂಚ, ಕಂಬ, ಪೆಟ್ಟಿಗೆ ಮುಟ್ಟಿ ಬೆಳೆದವರಿಗೆ ಯಾರೂ ಹೇಳಬೇಕಿಲ್ಲ. ಬೀಟೆ. ಬ್ರೆಜಿಲಿನ ರೋಸ್‌ವುಡ್ ಸಿಗುವುದು ಕಡಿಮೆಯಾದಂತೆ, ಅರವತ್ತರ ದಶಕದ ಕೊನೆಯಿಂದ ಅಮೆರಿಕದ ಗಿಟಾರ್ ಕಾರ್ಖಾನೆಗಳು ನಮ್ಮ ಬೀಟೆಗೆ ತಿರುಗಿದವು. ಬ್ರೆಜಿಲಿನದಕ್ಕೆ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಅತಿ ಕಟ್ಟುನಿಟ್ಟಿನ ನಿರ್ಬಂಧ. 2017ರಲ್ಲಿ ಬೀಟೆಯೂ ಸೇರಿ ಆ ಕುಲದ ಎಲ್ಲ ಮರಗಳಿಗೂ ಪರವಾನಗಿ ಕಡ್ಡಾಯವಾಯಿತು, ವಾದ್ಯಗಾರರೆಲ್ಲ ಗೋಳಾಡಿದ ಮೇಲೆ 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಊರಿನಲ್ಲಿ ತೋಟದೊಳಗೆ ಬೀಟೆ ಮರ ಬಿದ್ದರೂ ಅರಣ್ಯ ಇಲಾಖೆಗೆ ತಿಳಿಸದೆ ಮುಟ್ಟುವಂತಿಲ್ಲ ಎಂದು ನೀವು ಹೇಳಿದರೆ ಮೇಸ್ತ್ರಿ ಸಣ್ಣ ತುಂಡುಗಳನ್ನೂ ಆಯ್ದು ಡಬ್ಬಿಗೆ ಹಾಕುತ್ತಾರೆ.

ಇನ್ನು ಮೈ. ಆಕೆ ಫೋನ್ ಮಾಡಿ ಪೂರ್ತಿ ಕೆರೆದು ಹೊಸ ವಾರ್ನಿಷ್ ಹಾಕಿ ಎಂದಿದ್ದಳು. ಮೇಸ್ತ್ರಿ ಒಪ್ಪಲಿಲ್ಲ. ಹೆಗಲಿನ ಮೇಲೆ ಕೈ ಒರಗಿ ಸವೆದ ಜಾಗ, ಬೆನ್ನಿನಲ್ಲಿ ಬೆಲ್ಟಿನ ಬಕಲ್ ಗೀಚಿದ ಜಾಗ, ಇವನ್ನೆಲ್ಲ ಉಜ್ಜಿ ತೆಗೆದರೆ ಉಳಿಯುವುದು ಹೊಳೆಯುವ ಪ್ಲೈವುಡ್. ಈ ಮಾತಿನಲ್ಲಿ ನಾನು ಪೂರ್ತಿ ಅವರ ಕಡೆ. ಹಾಗಾಗಿ ತೊಳೆಯುವುದಷ್ಟೇ. ತೊಳೆಯುವ ದ್ರವ ಯಾವುದು ಗೊತ್ತೇ? ಎಂಜಲು. ಹತ್ತಿಯ ಕಡ್ಡಿಯನ್ನು ನಾಲಗೆಗೆ ತಾಗಿಸಿ, ಬೆರಳಗಲ ಜಾಗದಲ್ಲಿ ಮೆಲ್ಲಗೆ ಉರುಳಿಸಿ, ಕಪ್ಪಾದ ಕಡ್ಡಿಯನ್ನು ಎಸೆದು ಇನ್ನೊಂದು ತೆಗೆದುಕೊಳ್ಳುತ್ತಾರೆ. ನಮ್ಮ ಮಡಿವಂತರು ಕೇಳಿದರೆ ವಾದ್ಯವನ್ನೇ ಹೊರಗಿಟ್ಟಾರು. ಆದರೆ ಎಂಜಲಿನಲ್ಲಿರುವ ಕಿಣ್ವ ಕೊಳೆಯನ್ನು ಬಿಡಿಸುತ್ತದೆ, ಮೆರುಗನ್ನು ಮುಟ್ಟುವುದಿಲ್ಲ. ವಸ್ತುಸಂಗ್ರಹಾಲಯಗಳವರೂ ಇದನ್ನೇ ಮಾಡುತ್ತಾರೆ. ಪೋರ್ಚುಗಲ್ಲಿನ ಸಂಶೋಧಕರು ಪರೀಕ್ಷೆ ಮಾಡಿ ಬರೆದ ಪ್ರಬಂಧಕ್ಕೆ 2018ರಲ್ಲಿ ತಮಾಷೆಯ ಇಗ್ ನೊಬೆಲ್ ಬಹುಮಾನವೂ ಬಂತು. ಹಳದಿ ಎಚ್. ಎಸ್. ಮೇಲಿನ ಕಪ್ಪನ್ನು ಮಾತ್ರ ಅವರು ತೆಗೆಯಲೂ ಇಲ್ಲ, ಹೊಸದಾಗಿ ಬಳಿಯಲೂ ಇಲ್ಲ.

ಹಲಗೆ ಮುಚ್ಚುವ ಮುನ್ನ ಮೇಸ್ತ್ರಿ ಪೆನ್ಸಿಲ್ ತೆಗೆದು, 196ರ ಕೆಳಗೆ ತಮ್ಮ ಸಹಿ, ತಾರೀಖು ಹಾಕುತ್ತಾರೆ. ಜೊತೆಗೆ ಒಂದು ಸಾಲು: ಪೂರ್ತಿ ಸರೇಸು, ಬಿಳಿ ಅಂಟು ಇಲ್ಲ.

ಕೊನೆಯ ಕೆಲಸ ಸೌಂಡ್ ಪೋಸ್ಟ್. ಹೆಬ್ಬೆರಳ ದಪ್ಪದ ಸ್ಪ್ರೂಸ್ ಕಡ್ಡಿ. ಎದೆಗೂ ಬೆನ್ನಿಗೂ ನಡುವೆ ನಿಲ್ಲಬೇಕು, ಕುದುರೆಯ ಬಲಗಾಲಿನ ಸ್ವಲ್ಪ ಹಿಂದೆ. ಅಂಟಿಲ್ಲ, ಮೊಳೆಯಿಲ್ಲ, ಎರಡು ಹಲಗೆಗಳ ಒತ್ತಡದಲ್ಲೇ ನಿಲ್ಲಬೇಕು. ಎಸ್ ಆಕಾರದ ಕಬ್ಬಿಣದ ತುದಿಗೆ ಚುಚ್ಚಿ, ಎಫ್ ರಂಧ್ರದಿಂದ ಒಳಗೆ ಬಿಟ್ಟು, ಕಾಣದ ಜಾಗದಲ್ಲಿ ಎಬ್ಬಿಸಿ ನಿಲ್ಲಿಸುತ್ತಾರೆ. ವಾದ್ಯವನ್ನು ನೆಲಕ್ಕೆ ಊರುವ ಬುಡದ ಕಬ್ಬಿಣದ ಕಡ್ಡಿ ತೆಗೆದು, ಆ ತೂತಿಗೆ ಕಣ್ಣಿಟ್ಟು ನೀವು ನೋಡಿ ಹೇಳಬೇಕು. ಒಳಗೆ ದೀಪ ಉರಿಯುತ್ತಿದೆ. ಎಫ್ ರಂಧ್ರಗಳಿಂದ ಬಂದ ಬೆಳಕು ಬೆನ್ನಿನ ಮೇಲೆ ಎರಡು ಬಾಳೆಎಲೆ ಹಾಸಿದಷ್ಟು ಬಿದ್ದಿದೆ, ನಡುವೆ ಕಡ್ಡಿ ಓಲಾಡುತ್ತಿದೆ. "ಎಡಕ್ಕೆ ವಾಲಿದೆ." ಬಡಿಯುತ್ತಾರೆ. "ಹೆಚ್ಚಾಯಿತು." ಮತ್ತೆ. ಮೇಲ್ತುದಿಯ ಒಂದು ಅಂಚಿನಲ್ಲಿ ಬೆಳಕು ನುಸುಳುತ್ತಿದೆ, ಎಂದರೆ ತುದಿ ಹಲಗೆಗೆ ಪೂರ್ತಿ ತಾಗಿಲ್ಲ. ಹೊರಗೆ ತೆಗೆದು, ಉಳಿಯಿಂದ ಕಾಗದದಷ್ಟು ಸವರಿ, ಮತ್ತೆ ಒಳಗೆ. ಬಿಗಿಯಾದರೆ ಹಲಗೆ ಉಬ್ಬುತ್ತದೆ, ಸಡಿಲವಾದರೆ ತಂತಿ ಇಳಿಸಿದ ಕೂಡಲೇ ಬೀಳುತ್ತದೆ. ಬೆಳಕು ನುಸುಳುವುದು ನಿಂತಾಗ ಊಟದ ಹೊತ್ತು ಮೀರಿದೆ.

ತಂತಿ ಏರುತ್ತವೆ, ನಾಲ್ಕೂ ಒಟ್ಟಿಗೆ, ಸ್ವಲ್ಪ ಸ್ವಲ್ಪವೇ. ಐವತ್ತರ ದಶಕದಲ್ಲಿ ಈ ಬಾಸಿಗೆ ಕರುಳಿನ ತಂತಿಗಳೇ ಇದ್ದಿರಬೇಕು, ಸ್ಟೀಲ್ ತಂತಿ ಆಮೇಲೆ ಬೇರೂರಿದ್ದು. ನಾಲ್ಕು ಸ್ಟೀಲ್ ತಂತಿ ಸೇರಿ ಎಳೆಯುವುದು ನೂರು ಕಿಲೋಗೂ ಹೆಚ್ಚು. ಹಳೆಯ ಬಾಸುಗಳ ಎದೆ ಕುಸಿಯುವುದಕ್ಕೆ ಅದೂ ಒಂದು ಕಾರಣ. ಆದ್ದರಿಂದ ಮೇಸ್ತ್ರಿ ಕಡಿಮೆ ಬಿಗಿತದವನ್ನೇ ಆರಿಸಿದ್ದಾರೆ. ಬಿಗಿದಂತೆಲ್ಲ ಕುದುರೆಯ ತಲೆ ದಂಡಿಯ ಕಡೆಗೆ ವಾಲುತ್ತದೆ, ಪ್ರತಿ ಸಲ ಎರಡೂ ಹೆಬ್ಬೆರಳಿನಿಂದ ನೂಕಿ ನೆಟ್ಟಗೆ ಮಾಡುತ್ತಾರೆ.

ಆಕೆ ಬಂದಳು. ನಿಂತು, ಹೆಗಲಿಗೆ ಆನಿಸಿಕೊಂಡು, 'ಇ' ತಂತಿಯನ್ನು ಒಮ್ಮೆ ಎಳೆದು ಬಿಟ್ಟಳು. ಮೇಜಿನ ಮೇಲಿನ ಮೊಳೆಗಳ ಡಬ್ಬಿ ಗಲಗಲ ಅಂದಿತು. ಪೋಲ್ಕಾದ ಒಂದು ತುಣುಕು ನುಡಿಸಿದಳು, ಎರಡು ಸ್ವರ, ಊಂಪಾ ಊಂಪಾ. ಸ್ವರ ಎದ್ದ ತಕ್ಷಣ ತುಂಬಿ ಬೇಗನೆ ಅಡಗುತ್ತದೆ. ಪ್ಲೈವುಡ್ ಬಾಸಿನ ಸ್ವಭಾವವೇ ಹಾಗೆ. ಕುಣಿತಕ್ಕೆ ತಕ್ಕುದು, ಕಮಾನು ಹಾಕಿ ಬ್ರಾಮ್ಸ್ ನುಡಿಸುವವರಿಗೆ ಅಷ್ಟು ಹಿಡಿಸುವುದಿಲ್ಲ.

ಬಿಲ್ಲು ಕೊಟ್ಟರು, ಆಕೆ ಎರಡು ಸಲ ನೋಡಿ ಕಾರ್ಡ್ ಕೊಟ್ಟಳು. ಕಾರಿನ ಮುಂದಿನ ಸೀಟು ಮಲಗಿಸಿ, ಸುರುಳಿ ಮುಂದಕ್ಕೆ ಬರುವಂತೆ ಹಿಂಬಾಗಿಲಿನಿಂದ ಜಾರಿಸುತ್ತೀರಿ. ಈ ಸಲ ಹೊಟ್ಟೆ ತಬ್ಬಿಕೊಂಡೇ.

"ಜೂನಿನಲ್ಲಿ ಗಾಳಿಗೆ ತೇವ ಬರುತ್ತೆ, ಎದೆಹಲಗೆ ಉಬ್ಬಿ ತಂತಿ ಮೇಲೇಳುತ್ತೆ," ಎನ್ನುತ್ತಾರೆ ಮೇಸ್ತ್ರಿ, ಕಿಟಕಿಗೆ ಬಗ್ಗಿ. "ಕುದುರೆಯ ಕಾಲಿನಲ್ಲಿ ಎರಡು ಚಕ್ರ ಇವೆ. ತಂತಿ ಸ್ವಲ್ಪ ಸಡಿಲಿಸಿ ಎರಡನ್ನೂ ಒಂದೇ ಸಮ ತಿರುಗಿಸಿ, ಕುದುರೆ ತಗ್ಗುತ್ತೆ. ಪೂರ್ತಿ ಬಿಚ್ಚಬೇಡಿ, ಒಳಗಿನ ಕಡ್ಡಿ ಬಿದ್ದೀತು."

"ಚಿಕ್ಕಪ್ಪನಿಗೆ ಏನು ಹೇಳಲಿ?"

"ಷಿಕಾಗೋ ಅನ್ನಿ. ನಂಬದಿದ್ದರೆ ಒಂದು ಟಾರ್ಚ್ ಕೊಡಿ. ಓರೆಯಾಗಿ ಹಿಡಿಯಬೇಕು ಅಂತ ಹೇಳಿ, ನೇರ ಹಿಡಿದರೆ ನಂಬರ್ ಕಾಣಲ್ಲ."